ತಂತ್ರಾಂಶದ ಕೈಪಿಡಿ: ಬರೆಯುವ ಮತ್ತು ಬರೆಸಿಕೊಳ್ಳುವ ಬಗೆ

ಬಿಲ್ಲು, ದಾಸ್ತಾನು, ವೇತನದ ಲೆಕ್ಕ ಮೊದಲಾದವು ಇಂದು ಗಣಕಯಂತ್ರದ ಮೂಲಕವೇ ನಡೆಯುತ್ತಿವೆ. ಸಿದ್ಧ ತಂತ್ರಾಂಶವು ತಮ್ಮ ವಹಿವಾಟಿಗೆ ಹೊಂದದಿದ್ದಾಗ ಅನೇಕ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ತಂತ್ರಾಂಶ ಮಾಡಿಸಿಕೊಳ್ಳುತ್ತಾರೆ. ಬೆಲೆ, ಅವಧಿ, ವಾರ್ಷಿಕ ನಿರ್ವಹಣೆ ಇವುಗಳ ಕುರಿತು ವಿವರವಾದ ಚರ್ಚೆ ನಡೆಯುತ್ತದೆ. ಕೈಪಿಡಿಯ ಮಾತು ಬರುವುದು ಅಪರೂಪ. ತಯಾರಕರು ಒಮ್ಮೆ ಬಂದು ತೋರಿಸಿ ಹೋಗುತ್ತಾರೆ. ಗುಮಾಸ್ತರು ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಆ ಗುಮಾಸ್ತರು ಕೆಲಸ ಬಿಟ್ಟರೆ ತಿಳುವಳಿಕೆಯೂ ಅವರೊಂದಿಗೇ ಹೋಗುತ್ತದೆ.

ಕೈಪಿಡಿ ಇದ್ದರೂ ಅದು ಉಪಯೋಗಕ್ಕೆ ಬಾರದಿರುವ ಪ್ರಸಂಗಗಳೂ ಉಂಟು. ಇದನ್ನು ಒಂದು ಉದಾಹರಣೆಯಿಂದ ಪರಿಶೀಲಿಸಬಹುದು.

ಒಂದು ಸೌಲಭ್ಯ, ಎರಡು ಬರಹ

ಜಿಎಸ್‌ಟಿ ವ್ಯವಸ್ಥೆಯಲ್ಲಿ ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಸಂಸ್ಥೆಗಳಿಂದ ಆರಂಭವಾಗಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. ಇಂತಹ ಬಿಲ್ಲಿನ ರದ್ದತಿಯ ಬಗ್ಗೆ ಕೈಪಿಡಿಯೊಂದರಲ್ಲಿ ಹೀಗಿರಬಹುದು: ‘ಈ ಗುಂಡಿಯನ್ನು ಒತ್ತಿ ಇ-ಇನ್‌ವಾಯ್ಸನ್ನು ರದ್ದುಪಡಿಸಬಹುದು.’

ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಶನಿವಾರ ಬೆಳಿಗ್ಗೆ ಮಾಡಿದ ಬಿಲ್ಲಿನ ದರ ತಪ್ಪೆಂದು ಸೋಮವಾರ ಕಂಡುಕೊಂಡ ಗುಮಾಸ್ತರು ಗುಂಡಿ ಒತ್ತಿದರೆ ರದ್ದತಿ ಆಗುವುದಿಲ್ಲ. ಪೋರ್ಟಲಿನಲ್ಲಿ ರದ್ದತಿಗೆ ಇರುವ ಅವಧಿ 24 ಗಂಟೆ ಮಾತ್ರ. ಇದನ್ನರಿಯದೆ ಅವರು ಸರಿಯಾದ ದರದಲ್ಲಿ ಮತ್ತೊಂದು ಬಿಲ್ಲು ಮಾಡಿದರೆ, ಎರಡೂ ಬಿಲ್ಲುಗಳು ಜಿಎಸ್‌ಟಿಆರ್-1 ಪತ್ರಕ್ಕೆ ತಾವಾಗಿ ಸೇರುತ್ತವೆ. ಒಂದೇ ಸರಕಿಗೆ ಎರಡು ಬಾರಿ ತೆರಿಗೆಯ ಹೊಣೆ ಕಾಣಿಸಿಕೊಂಡು, ಖರೀದಿದಾರರ ಲೆಕ್ಕಕ್ಕೂ ತಾಳೆಯಾಗದೆ ಹೋಗುತ್ತದೆ.

ಅದೇ ಸೌಲಭ್ಯವನ್ನು ಈ ರೀತಿ ಬರೆಯಬಹುದು:

ಯಾವಾಗ: ಇ-ಇನ್‌ವಾಯ್ಸ್ ಸಂಖ್ಯೆ ದೊರೆತ 24 ಗಂಟೆಗಳೊಳಗೆ ಮಾತ್ರ.
ಮೊದಲು ನೋಡಬೇಕಾದುದು: ಬಿಲ್ಲಿಗೆ ಇ-ವೇ ಬಿಲ್ ಚಾಲ್ತಿಯಲ್ಲಿದೆಯೇ? ಇದ್ದು, ಸರಕು ಇನ್ನೂ ಹೊರಡದಿದ್ದರೆ, ಮೊದಲು ಅದನ್ನು ರದ್ದುಪಡಿಸಬೇಕು.
ಕ್ರಮ: ಬಿಲ್ಲನ್ನು ತೆರೆಯಬೇಕು, ‘ರದ್ದು’ ಒತ್ತಬೇಕು, ಕಾರಣವನ್ನು ಆರಿಸಬೇಕು.
ಫಲ: ಬಿಲ್ಲಿನ ಮೇಲೆ ‘ರದ್ದಾಗಿದೆ’ ಎಂದು ಕಾಣಬೇಕು.
ಮಿತಿ: ಪೂರ್ಣ ಬಿಲ್ಲು ಮಾತ್ರ ರದ್ದಾಗುತ್ತದೆ, ಅದರ ಒಂದು ಭಾಗವಲ್ಲ. ಅದೇ ಬಿಲ್ ಸಂಖ್ಯೆಯನ್ನು ಮತ್ತೆ ಬಳಸಲಾಗದು.
ಅವಧಿ ಮೀರಿದ್ದರೆ: ಹೊಸ ಬಿಲ್ಲು ಮಾಡಕೂಡದು. ಲೆಕ್ಕಪರಿಶೋಧಕರನ್ನು ಕೇಳಿ ಕ್ರೆಡಿಟ್ ನೋಟ್ ಸಿದ್ಧಪಡಿಸಬೇಕು.

ಮೊದಲ ಬರಹವು ಗುಂಡಿಯನ್ನು ವರ್ಣಿಸಿದರೆ, ಎರಡನೆಯದು ಕೆಲಸವನ್ನು ವಿವರಿಸುತ್ತದೆ. ಸೌಲಭ್ಯವು ಏನು ಮಾಡುವುದಿಲ್ಲ, ಕೆಲಸ ಕೆಟ್ಟಾಗ ಏನು ಮಾಡಬೇಕು ಎಂಬುದನ್ನು ಹೇಳುವುದೇ ಉತ್ತಮ ಕೈಪಿಡಿಯ ಮುಖ್ಯ ಲಕ್ಷಣ.

ಗಮನಿಸಬೇಕಾದ ಅಂಶಗಳು

1. ಉದ್ದೇಶಕ್ಕೆ ತಕ್ಕ ವಿಂಗಡಣೆ: ಡ್ಯಾನಿಯೆಲೆ ಪ್ರೋಚಿಡಾ ಅವರು ರೂಪಿಸಿದ ‘ಡಯಾಟ್ಯಾಕ್ಸಿಸ್’ ಕ್ರಮವು ತಾಂತ್ರಿಕ ಬರಹವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಹೊಸಬರಿಗೆ ಪಾಠ, ನಿರ್ದಿಷ್ಟ ಕೆಲಸಕ್ಕೆ ಮಾರ್ಗದರ್ಶನ, ಪರಾಮರ್ಶೆಗೆ ವಿವರಗಳ ಪಟ್ಟಿ, ಕಾರಣಗಳ ವಿವರಣೆ. ಇವನ್ನು ಒಂದೇ ಪುಟದಲ್ಲಿ ಬೆರೆಸಿದರೆ, ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡಿರುವ ಗುಮಾಸ್ತರಿಗೆ ಬೇಕಾದ ಸಾಲು ಸಿಗುವುದಿಲ್ಲ.

2. ಒಂದು ವಸ್ತುವಿಗೆ ಒಂದೇ ಹೆಸರು: ಒಂದು ಪುಟದಲ್ಲಿ ‘ಪಾರ್ಟಿ’, ಮತ್ತೊಂದರಲ್ಲಿ ‘ಗ್ರಾಹಕ’, ಮಗದೊಂದರಲ್ಲಿ ‘ಖಾತೆದಾರ’ ಎಂದು ಬರೆದರೆ ಓದುವವರು ಮೂರು ಬೇರೆ ಬೇರೆ ಸಂಗತಿಗಳೆಂದು ಭಾವಿಸುತ್ತಾರೆ. ಪರದೆಯ ಮೇಲೆ ಇರುವ ಪದವನ್ನೇ ಕೈಪಿಡಿಯಲ್ಲೂ ಬಳಸಬೇಕು.

3. ಮಿತಿಗಳನ್ನು ಅಂಕಿಯಲ್ಲಿ ಹೇಳುವುದು: ‘ಬಿಲ್ ಸಂಖ್ಯೆ ಚಿಕ್ಕದಾಗಿರಲಿ’ ಎಂದರೆ ಸಾಲದು. ಜಿಎಸ್‌ಟಿ ನಿಯಮ 46ರ ಪ್ರಕಾರ ಅದು 16 ಅಕ್ಷರಗಳನ್ನು ಮೀರಕೂಡದು ಹಾಗೂ ಆ ಹಣಕಾಸು ವರ್ಷದಲ್ಲಿ ಪುನರಾವರ್ತನೆ ಆಗಕೂಡದು ಎಂದು ಬರೆಯಬೇಕು.

4. ಆವೃತ್ತಿ ಮತ್ತು ದಿನಾಂಕ: ಕಾನೂನು ಬದಲಾದಂತೆ ತಂತ್ರಾಂಶವೂ ಬದಲಾಗುತ್ತದೆ. ಪ್ರತಿ ಪುಟದಲ್ಲಿ ಆವೃತ್ತಿ ಸಂಖ್ಯೆ, ಕೊನೆಯಲ್ಲಿ ಬದಲಾವಣೆಗಳ ಪಟ್ಟಿ ಇರಬೇಕು. ಹಳೆಯ ಪ್ರತಿಗಳನ್ನು ಮೇಜಿನಿಂದ ತೆಗೆಯಬೇಕು.

5. ತಿದ್ದುಪಡಿಯ ಜಾಡು: 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲು ಅವಕಾಶವಿರಬಾರದು. ಪ್ರೈವೇಟ್ ಲಿಮಿಟೆಡ್ ಆಗಿರುವ ಸಣ್ಣ ಕಾರ್ಖಾನೆಗಳಿಗೂ ಇದು ಅನ್ವಯ. ದಾಖಲೆಯನ್ನು ಎಲ್ಲಿ ನೋಡಬೇಕು, ಪರಿಶೋಧಕರಿಗೆ ಹೇಗೆ ಮುದ್ರಿಸಿ ಕೊಡಬೇಕು ಎಂಬ ಪುಟ ಇರಲೇಬೇಕು.

ಪರೀಕ್ಷೆಯ ಸುಲಭ ವಿಧಾನ

ಕೈಪಿಡಿ ಸಿದ್ಧವಾದ ಮೇಲೆ ತಂತ್ರಾಂಶವನ್ನು ಎಂದೂ ಬಳಸದ ಒಬ್ಬ ನೌಕರರಿಗೆ ಅದನ್ನು ಕೊಟ್ಟು, ಪರೀಕ್ಷೆಗಾಗಿ ಇಟ್ಟ ಪ್ರತ್ಯೇಕ ಲೆಕ್ಕದಲ್ಲಿ ಒಂದು ಬಿಲ್ಲು, ಒಂದು ರದ್ದತಿ, ಒಂದು ಸರಕು ವಾಪಸಾತಿ ಮಾಡಿಸಬೇಕು. ತಯಾರಕರು ಪಕ್ಕದಲ್ಲಿ ಕುಳಿತಿರಬಹುದು, ಆದರೆ ಬಾಯಿ ತೆರೆಯಬಾರದು. ನೌಕರರು ತಡೆದು ನಿಂತ ಕಡೆಯಲ್ಲೆಲ್ಲ ಕೈಪಿಡಿಯನ್ನು ತಿದ್ದಬೇಕು. ಇದನ್ನು ನೌಕರರ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ನಾಳೆ ಹೊಸದಾಗಿ ಬರುವವರೂ ಅಲ್ಲಿಯೇ ನಿಲ್ಲುತ್ತಾರೆ.

ಒಪ್ಪಂದದಲ್ಲಿ ಸ್ಥಾನ

ಕೊನೆಯದಾಗಿ, ಇವೆಲ್ಲ ಬಾಯಿಮಾತಿನಲ್ಲಿ ಉಳಿಯಬಾರದು. ಖರೀದಿ ಆದೇಶದಲ್ಲಿಯೇ ಕೈಪಿಡಿಯನ್ನು ಪ್ರತ್ಯೇಕ ಬಾಬತ್ತಾಗಿ ನಮೂದಿಸಿ, ಮೇಲಿನ ಪರೀಕ್ಷೆ ಮುಗಿದ ನಂತರವೇ ಅಂತಿಮ ಕಂತು ಪಾವತಿಸುವುದಾಗಿ ಬರೆಸಿಕೊಳ್ಳಬೇಕು. ಮುಂದೆ ಮಾಡುವ ಪ್ರತಿ ಬದಲಾವಣೆಯೊಂದಿಗೆ ತಿದ್ದಿದ ಪುಟವನ್ನೂ ಕೊಡಬೇಕೆಂಬ ಷರತ್ತು ಇರಲಿ. ಯಂತ್ರ ಕೊಳ್ಳುವಾಗ ಅದರ ನಕ್ಷೆಯನ್ನೂ ಬಿಡಿಭಾಗಗಳ ಪಟ್ಟಿಯನ್ನೂ ಕೇಳಿ ಪಡೆಯುವ ಉದ್ಯಮಿಗಳು ತಂತ್ರಾಂಶದ ವಿಷಯದಲ್ಲಿಯೂ ಅದೇ ಎಚ್ಚರವನ್ನು ಪಾಲಿಸುವುದು ಒಳಿತು.