ಹೃದಯ: ಪದ ಮತ್ತು ಪದಾರ್ಥ

‘ಹೃದಯ’ವೆಂಬ ಪದವು ಕನ್ನಡ ಪಂಡಿತನಿಗೆ ನಿತ್ಯಪರಿಚಿತ. ಸಹೃದಯ, ಹೃದ್ಯ, ಹೃದಯಂಗಮ ಎಂಬ ಶಬ್ದಗಳಿಲ್ಲದೆ ಕಾವ್ಯಪಾಠವೇ ಸಾಗದು. ಬೃಹದಾರಣ್ಯಕೋಪನಿಷತ್ತು ಈ ಪದವನ್ನು ಹೃ, ದ, ಯಮ್ ಎಂದು ಬಿಡಿಸಿ, ತರುವುದು, ಕೊಡುವುದು, ಹೋಗುವುದು ಎಂಬ ಅರ್ಥಗಳನ್ನು ಕಾಣಿಸುತ್ತದೆ. ಇದನ್ನೇ ಆಧಾರವಾಗಿಟ್ಟುಕೊಂಡು, ರಕ್ತಪರಿಚಲನೆಯನ್ನು ಪೂರ್ವಿಕರು ಅಂದೇ ಅರಿತಿದ್ದರೆಂದು ನಾನು ಬಹುಕಾಲ ಬೋಧಿಸುತ್ತಿದ್ದೆ. ನನ್ನನ್ನು ತಿದ್ದಿದುದು ಒಂದು ಕುರಿಯ ಹೃದಯ.

ವಿಜ್ಞಾನದ ಉಪಾಧ್ಯಾಯರ ಆಹ್ವಾನದ ಮೇರೆಗೆ ಅವರ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತೆ. ಸಸ್ಯಾಹಾರಿಗಳ ಮನೆಯ ಮಕ್ಕಳಿಗೂ ನನಗೂ ಮೊದಲು ಸಂಕೋಚವಾಯಿತು. ಪಾಠಕ್ಕೆಂದು ಪ್ರಾಣಿಯನ್ನು ಕೊಂದಿಲ್ಲವೆಂದೂ, ಇದು ಕಟುಕರ ಅಂಗಡಿಯಿಂದ ತಂದುದೆಂದೂ, ಒಲ್ಲದವರು ಪ್ರತಿಕೃತಿಯನ್ನು ನೋಡಬಹುದೆಂದೂ ಅವರು ತಿಳಿಸಿದರು. ಇಬ್ಬರು ಎದ್ದುಹೋದರು, ಯಾರೂ ಆಕ್ಷೇಪಿಸಲಿಲ್ಲ.

ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಎಡಹೃತ್ಕುಕ್ಷಿಯ ಭಿತ್ತಿಯು ಬಲದ್ದಕ್ಕಿಂತ ಬಹಳ ದಪ್ಪ. ಬಲಭಾಗವು ಸಮೀಪದ ಶ್ವಾಸಕೋಶಗಳಿಗೆ ಮಾತ್ರ ರಕ್ತವನ್ನು ನೂಕಿದರೆ ಸಾಕು. ಎಡಭಾಗವು ಮಹಾಪಧಮನಿಯ ಮೂಲಕ ಸರ್ವಾಂಗಕ್ಕೂ ನೂಕಬೇಕು. ಕೆಲಸಕ್ಕೆ ತಕ್ಕಂತೆ ಬಲ.

“ಕವಾಟವೆಂದರೆ ಬಾಗಿಲೆಂದು ಹೇಳಿದ್ದಿರಿ ಗುರುಗಳೇ. ಬಾಗಿಲು ಎರಡೂ ಕಡೆಗೆ ತೆರೆಯಬಾರದೇಕೆ?” ಎಂದು ಹುಡುಗನೊಬ್ಬನು ನನ್ನನ್ನೇ ಕೇಳಿದನು. ನಿಘಂಟಿನಲ್ಲಿ ಇದಕ್ಕೆ ಉತ್ತರವಿಲ್ಲ. ಉಪಾಧ್ಯಾಯರು ಎಡಹೃತ್ಕರ್ಣವನ್ನು ಕತ್ತರಿಸಿ ತೆಗೆದು, ಹೃತ್ಕುಕ್ಷಿಗೆ ನೀರೆರೆದು, ಮಹಾಪಧಮನಿಯನ್ನು ಬೆರಳುಗಳಿಂದ ಬಿಗಿಹಿಡಿದು, ಹೃತ್ಕುಕ್ಷಿಯನ್ನು ಮೆಲ್ಲನೆ ಅದುಮಿದರು. ದ್ವಿದಳ ಕವಾಟದ ದಳಗಳು ಮೇಲೆದ್ದು ಒಂದನ್ನೊಂದು ಕೂಡಿ ದ್ವಾರವನ್ನು ಮುಚ್ಚಿದವು. ಬಳಿಕ ಸೀಳಿ ತೋರಿಸಿದಾಗ, ದಳಗಳ ಅಂಚಿನಿಂದ ಬಿಳಿಯ ದಾರಗಳಂಥ ತಂತುಗಳು ಒಳಭಿತ್ತಿಯ ಸ್ನಾಯುಸ್ತಂಭಗಳಿಗೆ ಕಟ್ಟಿಕೊಂಡಿದ್ದವು. ದಳಗಳು ಹಿಂದಕ್ಕೆ ಮಗುಚದಂತೆ ತಡೆಯುವವು ಇವೇ.

ಅನಂತರ ಮಕ್ಕಳು ನಡುಭಿತ್ತಿಯಲ್ಲಿ ರಂಧ್ರಗಳನ್ನು ಹುಡುಕಿದರು, ದೊರೆಯಲಿಲ್ಲ. ಅಲ್ಲಿ ಕಾಣದ ರಂಧ್ರಗಳಿವೆಯೆಂದು 2ನೆಯ ಶತಮಾನದಲ್ಲಿ ಗ್ಯಾಲೆನ್ ಬರೆದಿದ್ದನು. 13ನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಅದನ್ನು ಅಲ್ಲಗಳೆದರೂ ಯೂರೋಪಿನಲ್ಲಿ ಗ್ರಂಥವಾಕ್ಯವೇ ಬಹುಕಾಲ ಪ್ರಮಾಣವಾಗಿತ್ತು. 1628ರಲ್ಲಿ ವಿಲಿಯಂ ಹಾರ್ವೆ ಲೆಕ್ಕ ಹಾಕಿ ತೋರಿಸಿದನು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಮಿಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ 72 ಮಿಡಿತಗಳಾದರೆ 5 ಲೀಟರು. ಗಂಟೆಗೆ 300 ಲೀಟರು. ಇಷ್ಟು ರಕ್ತವನ್ನು ಯಾವ ಆಹಾರವೂ ಹೊಸದಾಗಿ ಹುಟ್ಟಿಸಲಾರದು. ಇದ್ದ ರಕ್ತವೇ ಸುತ್ತಿ ಬರಬೇಕು. ಧಮನಿಯಿಂದ ಅಭಿಧಮನಿಗೆ ದಾರಿಯಾದ ಲೋಮನಾಳಗಳನ್ನು 1661ರಲ್ಲಿ ಮಾಲ್ಪಿಗಿ ಸೂಕ್ಷ್ಮದರ್ಶಕದಿಂದ ಕಂಡನು.

ಮರುದಿನ ನನ್ನ ತರಗತಿಯಲ್ಲಿ ಹಳೆಯ ಮಾತನ್ನು ಹಿಂತೆಗೆದುಕೊಂಡೆನು. ಉಪನಿಷತ್ತಿನ ನಿರ್ವಚನವು ಉಪಾಸನೆಗೆ ಸಂಬಂಧಿಸಿದುದು. ಅದರ ಹಿರಿಮೆಗೆ ಇಲ್ಲದ ಸಾಕ್ಷ್ಯವನ್ನು ಹೊರಿಸಬೇಕಾಗಿಲ್ಲ. ಮಕ್ಕಳು ನಗಲಿಲ್ಲ; ಅಂದಿನಿಂದ ಅವರ ಪ್ರಶ್ನೆಗಳು ಹೆಚ್ಚಿದವು. ಪದವನ್ನು ಕಲಿಸಲು ನಿಘಂಟು ಹೇಗೆ ಬೇಕೋ, ಪದಾರ್ಥವನ್ನು ಕಲಿಸಲು ಪ್ರಯೋಗಶಾಲೆಯೂ ಹಾಗೆಯೇ ಬೇಕು. ಶಾಲೆಗೆ ನೆರವಾಗುವ ಮಹನೀಯರು ಇವೆರಡನ್ನೂ ಸಮಾನವಾಗಿ ಪೋಷಿಸಲೆಂದು ಪ್ರಾರ್ಥಿಸುತ್ತೇನೆ.