ನೆದರ್ಲ್ಯಾಂಡ್ಸ್‌ನಲ್ಲಿ ಮೂರು ತಿಂಗಳು: ಹೊಟ್ಟೆ ಇಳಿಯಲಿ, ಕಾಲಿನ ಬಲ ಉಳಿಯಲಿ



ಮಗನ ಮನೆಗೋ ಮಗಳ ಮನೆಗೋ ಬಂದಿದ್ದೀರಿ. ನಿಮ್ಮಲ್ಲಿ ಹೆಚ್ಚಿನವರ ವೀಸಾ 90 ದಿನಗಳದ್ದು. ಈ 90 ದಿನಗಳಲ್ಲಿ ದೇಹದಲ್ಲಿ ಆಗುವ ಒಂದು ಬದಲಾವಣೆ ಎಷ್ಟೋ ಜನರಿಗೆ ಊರಿಗೆ ಮರಳಿದ ಮೇಲೆ ಗೊತ್ತಾಗುತ್ತದೆ. ಸೊಂಟದಲ್ಲಿ ಬಟ್ಟೆ ಬಿಗಿಯಾಗಿರುತ್ತದೆ. ಆದರೆ ಅದೇ ಹಳೆಯ ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆ. ಅಂದರೆ ಕೊಬ್ಬು ಕೂಡಿದೆ, ಸ್ನಾಯು ಕರಗಿದೆ.

ಕಾರಣ ಸುಲಭವಾಗಿ ತಿಳಿಯುವಂಥದ್ದೇ. ಊರಿನಲ್ಲಿ ಹಾಲು ತರಲು, ಹೂವು ತರಲು, ತರಕಾರಿ ಕೊಳ್ಳಲು, ದೇವಸ್ಥಾನಕ್ಕೆ ಎಂದು ದಿನಕ್ಕೆ ನಾಲ್ಕಾರು ಬಾರಿ ಹೊರಗೆ ಹೋಗುತ್ತಿದ್ದಿರಿ. ಅಂಗಳ ಗುಡಿಸಿ ರಂಗೋಲಿ ಹಾಕುವುದು, ಮಹಡಿಯ ಮೇಲೆ ಬಟ್ಟೆ ಒಣಗಿಸುವುದು ಇವನ್ನೆಲ್ಲ ಯಾರೂ ವ್ಯಾಯಾಮ ಎಂದು ಕರೆಯಲಿಲ್ಲ, ಆದರೆ ದೇಹಕ್ಕೆ ಅದೇ ವ್ಯಾಯಾಮವಾಗಿತ್ತು. ಇಲ್ಲಿ ವಾರದ ಹಾಲು ಫ್ರಿಜ್ಜಿನಲ್ಲಿದೆ, ಬಟ್ಟೆಗೆ ಯಂತ್ರವಿದೆ, ಹೊರಗೆ ಚಳಿ ಮತ್ತು ಗಾಳಿ, ಭಾಷೆ ಬಾರದೆಂಬ ಅಳುಕು ಬೇರೆ. ಹಾಗಾಗಿ ಸೋಫಾದ ಮೇಲೆ ಹೊತ್ತು ಹೋಗುತ್ತದೆ.

ಆದ್ದರಿಂದ ಈ ಪಾಠದ ಸಾರ ಇಷ್ಟು: ನಮ್ಮ ವಯಸ್ಸಿನಲ್ಲಿ ಬರೀ ತೂಕ ಇಳಿಸುವುದು ಗುರಿಯಲ್ಲ. ಹೊಟ್ಟೆಯ ಕೊಬ್ಬು ಇಳಿಯಬೇಕು, ಕಾಲಿನ ಸ್ನಾಯು ಉಳಿಯಬೇಕು. ಕೊಬ್ಬಿಗೆ ತಟ್ಟೆಯಲ್ಲಿ ಉಪಾಯವಿದೆ, ಸ್ನಾಯುವಿಗೆ ಕುರ್ಚಿಯಲ್ಲೂ ರಸ್ತೆಯಲ್ಲೂ ಉಪಾಯವಿದೆ.

1. ತಕ್ಕಡಿಯ ಜೊತೆಗೆ ಟೇಪು

ಭಾರತೀಯರಿಗೆ ತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುತ್ತದೆ. ಅದಕ್ಕಾಗಿ ನಮಗೆ ಅಳತೆಯೂ ಬಿಗಿಯಾಗಿದೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ.

ದೇಶ ಬದಲಾದರೂ ಈ ಮೈಗುಣ ಬದಲಾಗುವುದಿಲ್ಲ. 1873ರಲ್ಲಿ ಕಲ್ಕತ್ತಾದಿಂದ ಲಲ್ಲಾ ರೂಖ್ ಎಂಬ ಹಡಗಿನಲ್ಲಿ ನಮ್ಮ ದೇಶದ ಕೂಲಿಕಾರರು ಮೊದಲ ಬಾರಿಗೆ ಸುರಿನಾಮ್‌ಗೆ ಹೋದರು. ಅವರ ಮತ್ತು ಅವರ ನಂತರ ಹೋದವರ ಮಕ್ಕಳು ಮೊಮ್ಮಕ್ಕಳು 1975ರ ಸುಮಾರಿಗೆ ದೊಡ್ಡ ಸಂಖ್ಯೆಯಲ್ಲಿ ನೆದರ್ಲ್ಯಾಂಡ್ಸ್‌ಗೆ ಬಂದು ದಿ ಹೇಗ್ ಮೊದಲಾದ ಊರುಗಳಲ್ಲಿ ನೆಲೆಸಿದರು. ದೇವಸ್ಥಾನಗಳಲ್ಲಿ ಅವರನ್ನು ನೀವು ನೋಡಿರುತ್ತೀರಿ. ಇಷ್ಟು ತಲೆಮಾರು ಕಳೆದ ಮೇಲೂ ಅವರಲ್ಲಿ ಸಕ್ಕರೆ ಕಾಯಿಲೆ ಡಚ್ಚರಿಗಿಂತ ಬಹಳ ಹೆಚ್ಚು, ಅದೂ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ ಎಂದು ಇಲ್ಲಿನ ಅಧ್ಯಯನಗಳು ತೋರಿಸಿವೆ.

ಎಷ್ಟು ಇಳಿಸಬೇಕು? ಹೊಟ್ಟೆ ಇರುವವರು ಮೂರು ತಿಂಗಳಲ್ಲಿ ಒಂದೂವರೆ, ಎರಡು ಕಿಲೋ ಇಳಿಸಿದರೆ ಧಾರಾಳವಾಯಿತು. ಊಟ ಬಿಟ್ಟು ಬೇಗ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತದೆ. ಮೊದಲೇ ತೆಳ್ಳಗಿರುವವರು, ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿರುವವರು ತೂಕ ಇಳಿಸಲು ಹೋಗದೆ ವೈದ್ಯರಿಗೆ ತೋರಿಸಿ.

2. ನಿಮ್ಮ ಕಾಲಿನ ಬಲ ಎಷ್ಟಿದೆ?

ಮನೆಯಲ್ಲೇ ಎರಡು ಪರೀಕ್ಷೆ ಮಾಡಿಕೊಳ್ಳಬಹುದು. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಕುರ್ಚಿ ಪರೀಕ್ಷೆ: ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತೀರಿ, ಎಣಿಸಿ. 65ರಿಂದ 69 ವರ್ಷದ ಗಂಡಸರು 12, ಹೆಂಗಸರು 11 ಸಲವಾದರೂ ಏಳಬೇಕು. 70ರಿಂದ 74ರವರೆಗೆ ಗಂಡಸರಿಗೆ 12, ಹೆಂಗಸರಿಗೆ 10. 75ರಿಂದ 79ರವರೆಗೆ 11 ಮತ್ತು 10. ಇದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಅರ್ಥ.

ಪಾದದ ಪರೀಕ್ಷೆ: ಅಡುಗೆ ಕಟ್ಟೆಯ ಪಕ್ಕ ನಿಂತು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಮುಂದಿಡಿ. ಹಿಡಿದುಕೊಳ್ಳದೆ 10 ಸೆಕೆಂಡ್ ನಿಲ್ಲಬೇಕು. ಆಗದಿದ್ದರೆ ಬೇಸರ ಬೇಡ. ಮುಂದಿನ ಅಭ್ಯಾಸ ನಿಮಗಾಗಿಯೇ ಇದೆ.

3. ವಾರದ ಅಭ್ಯಾಸ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 65 ದಾಟಿದವರಿಗೂ ವಾರಕ್ಕೆ 150 ನಿಮಿಷದ ನಡಿಗೆ ಬೇಕು, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು, ಮೂರು ದಿನ ಸಮತೋಲನದ ಅಭ್ಯಾಸ ಬೇಕು. 150 ನಿಮಿಷ ಎಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ಒಟ್ಟಿಗೆ ಆಗದಿದ್ದರೆ ಪ್ರತಿ ಊಟದ ನಂತರ 10 ನಿಮಿಷ ನಡೆಯಿರಿ. ಊಟವಾದ ಮೇಲೆ ನಡೆದರೆ ಶುಗರ್ ಏರುವುದೂ ಕಡಿಮೆಯಾಗುತ್ತದೆ. ವೇಗ ಹೀಗಿರಲಿ: ಮಾತನಾಡಲು ಆಗಬೇಕು, ಹಾಡಲು ಆಗಬಾರದು.

ಮನೆಯೊಳಗೆ ದಿನ ಬಿಟ್ಟು ದಿನ ಇವನ್ನು ಮಾಡಿ:

ಕುರ್ಚಿಯಿಂದ ಎದ್ದು ಕೂರುವುದು 8ರಿಂದ 10 ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೊಮ್ಮೆ. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10 ಸಲ. ಹಾಲು ಕಾಯುವಷ್ಟರಲ್ಲಿ ಮುಗಿಯುತ್ತದೆ.

ಗೋಡೆಗೆ ಎರಡೂ ಅಂಗೈ ಊರಿ, ಮೊಣಕೈ ಮಡಿಸಿ ಮೈಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವುದು 10 ಸಲ.

ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಕಟ್ಟೆಯ ಉದ್ದಕ್ಕೂ ನಡೆಯುವುದು. ಪ್ರದಕ್ಷಿಣೆಯಲ್ಲಿ ಹೆಜ್ಜೆ ಎಣಿಸುವಂತೆ ನಿಧಾನವಾಗಿ.

ಸೂರ್ಯನಮಸ್ಕಾರ ರೂಢಿಯಿರುವವರು ಮುಂದುವರಿಸಿ. ಇಲ್ಲದವರು, ಅದರಲ್ಲೂ ಬಿಪಿ ಹೆಚ್ಚಿರುವವರು, ಕಣ್ಣಿನ ಗ್ಲಾಕೋಮಾ ಇರುವವರು, ತಲೆ ಕೆಳಗೆ ಮಾಡುವ ಆಸನಗಳನ್ನು ಇಲ್ಲಿ ಬಂದು ಹೊಸದಾಗಿ ಶುರುಮಾಡಬೇಡಿ.

4. ಹೊರಗೆ ಹೋಗುವಾಗ

ಈ ದೇಶದವರು ನಡಿಗೆಯನ್ನು ಹಬ್ಬದಂತೆ ಮಾಡುತ್ತಾರೆ. ನೈಮೇಖನ್ ಊರಿನಲ್ಲಿ 1909ರಲ್ಲಿ ಶುರುವಾದ ನಾಲ್ಕು ದಿನಗಳ ನಡಿಗೆಗೆ ಈಗಲೂ ಜುಲೈನಲ್ಲಿ ಸಾವಿರಾರು ಜನ ಬಂದು ದಿನಕ್ಕೆ 30ರಿಂದ 50 ಕಿಲೋಮೀಟರ್ ನಡೆಯುತ್ತಾರೆ. ಅವರಲ್ಲಿ ನಮ್ಮ ವಯಸ್ಸಿನವರೂ ಇರುತ್ತಾರೆ. ನಮಗೆ ಎರಡು ಕಿಲೋಮೀಟರ್ ಸಾಕು. ಆಮ್‌ಸ್ಟೆಲ್‌ವೀನ್ ಕಡೆ ಇರುವವರಿಗೆ ಆಮ್‌ಸ್ಟರ್‌ಡಾಮ್ಸೆ ಬಾಸ್ ಎಂಬ ದೊಡ್ಡ ವನ ಹತ್ತಿರವಿದೆ. ಬೇರೆ ಕಡೆ ಇರುವವರಿಗೂ ಮನೆಯ ಸಮೀಪದಲ್ಲಿ ಉದ್ಯಾನವೊಂದು ಇದ್ದೇ ಇರುತ್ತದೆ. ಮಳೆಯ ದಿನ ಮಾಲಿನೊಳಗೋ ದೊಡ್ಡ ಅಂಗಡಿಯೊಳಗೋ ಮೂರು ಸುತ್ತು ಹಾಕಿ.

ಎಚ್ಚರಿಕೆಗಳು ಇವು:

ಇಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ರಸ್ತೆ ದಾಟುವಾಗ ಹತ್ತಿರದ ವಾಹನ ಎಡಗಡೆಯಿಂದ ಬರುತ್ತದೆ. ಊರಿನ ಅಭ್ಯಾಸದಂತೆ ಬಲಕ್ಕೆ ನೋಡಿ ಕಾಲಿಡಬೇಡಿ. ಮೊದಲು ಎಡ, ಆಮೇಲೆ ಬಲ, ಮತ್ತೆ ಎಡ.

ಕೆಂಪು ಬಣ್ಣದ ಹಾದಿ ಸಾಮಾನ್ಯವಾಗಿ ಸೈಕಲ್‌ಗೆ ಮೀಸಲು. ವಿದ್ಯುತ್ ಸೈಕಲ್‌ಗಳು ಸದ್ದಿಲ್ಲದೆ ವೇಗವಾಗಿ ಬರುತ್ತವೆ. ಆ ಹಾದಿಯಲ್ಲಿ ನಿಂತು ಫೋಟೋ ತೆಗೆಯುವುದು, ಮೊಮ್ಮಗುವಿನ ಕೈ ಬಿಡುವುದು ಬೇಡ.

ಚಳಿಗಾಲದಲ್ಲಿ ಹಗಲು ಎಂಟು ಗಂಟೆಗಿಂತಲೂ ಕಡಿಮೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ಒಳಗೆ ನಡೆಯಿರಿ. ಹಿಮ ಕಟ್ಟಿದ ದಿನ ಹೊರಗೆ ಹೋಗಬೇಡಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಗಾಳಿಯಿದ್ದರೆ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ದಣಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ.

ಶೌಚಾಲಯದ ಚಿಂತೆಯಿಂದ ನೀರು ಕುಡಿಯುವುದನ್ನು ಬಿಡಬೇಡಿ. ದಾರಿಯಲ್ಲಿ ಗ್ರಂಥಾಲಯ ಎಲ್ಲಿದೆ ಎಂದು ಮಕ್ಕಳಿಂದ ಮೊದಲೇ ತಿಳಿದುಕೊಳ್ಳಿ. ಮನೆಯ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.

ಮನೆಯೊಳಗಿನ ಮೆಟ್ಟಿಲು ಇಲ್ಲಿ ಕಡಿದಾಗಿಯೂ ಕಿರಿದಾಗಿಯೂ ಇರುತ್ತದೆ. ಕಾಲುಚೀಲ ಮಾತ್ರ ಹಾಕಿಕೊಂಡು, ಎರಡೂ ಕೈಯಲ್ಲಿ ಬಟ್ಟೆ ಬುಟ್ಟಿ ಹಿಡಿದು ಇಳಿಯಬೇಡಿ. ಒಂದು ಕೈ ಯಾವಾಗಲೂ ಹಿಡಿಗಂಬಿಯ ಮೇಲಿರಲಿ. ರಾತ್ರಿ ದೀಪ ಹಾಕಿಕೊಂಡೇ ಇಳಿಯಿರಿ. ಕೋಲು ಹಿಡಿಯಲು ನಾಚಿಕೆ ಬೇಡ. ಇಲ್ಲಿನ ಹಿರಿಯರು ಗಾಲಿಯ ರೋಲಾಟರ್ ತಳ್ಳಿಕೊಂಡೇ ಸಂತೆಗೆ ಹೋಗುತ್ತಾರೆ.

5. ತಟ್ಟೆಯ ಲೆಕ್ಕ

60 ಕಿಲೋ ತೂಕದವರು ಅರ್ಧ ಗಂಟೆ ನಿಧಾನವಾಗಿ ನಡೆದರೆ ಸುಮಾರು 100 ಕ್ಯಾಲರಿ ಖರ್ಚಾಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೋ ತುಪ್ಪದಲ್ಲೋ ಸುಮಾರು 120 ಇದೆ. ಕಾಫಿಯ ಜೊತೆ ತಿನ್ನುವ ಒಂದು ದೊಡ್ಡ ಸ್ಟ್ರೋಪ್‌ವಾಫೆಲ್‌ನಲ್ಲಿ ಅದಕ್ಕಿಂತಲೂ ಹೆಚ್ಚು. ಬರೀ ನಡಿಗೆಯಿಂದ ಹೊಟ್ಟೆ ಇಳಿಯದು ಎನ್ನುವುದು ಇದಕ್ಕೇ.

ಊರಿನಿಂದ ಡಬ್ಬಿ ತುಂಬ ತಂದ ಚಕ್ಕುಲಿ, ನಿಪ್ಪಟ್ಟು ಮೊಮ್ಮಕ್ಕಳಿಗೆ ಎಂದು ತಂದಿದ್ದು; ಮಧ್ಯಾಹ್ನ ಒಬ್ಬರೇ ಇರುವಾಗ ಖಾಲಿಯಾಗುವುದು ನಮ್ಮ ಕೈಯಿಂದ. ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿಡಲು ಹೇಳಿ. ಮೊಮ್ಮಕ್ಕಳು ತಟ್ಟೆಯಲ್ಲಿ ಬಿಟ್ಟಿದ್ದನ್ನು ‘ಅನ್ನ ಚೆಲ್ಲಬಾರದು’ ಎಂದು ನಾವು ತಿನ್ನುವುದೂ ಬೇಡ. ಅವರಿಗೇ ಸ್ವಲ್ಪ ಕಡಿಮೆ ಬಡಿಸಿ.

ಅನ್ನ, ಮುದ್ದೆ, ಚಪಾತಿ ಯಾವುದಾದರೂ ತಟ್ಟೆಯ ಕಾಲು ಭಾಗ. ಅರ್ಧ ಭಾಗ ಪಲ್ಯ, ಕೋಸಂಬರಿ, ಸೊಪ್ಪು. ಉಳಿದ ಕಾಲು ಭಾಗ ಬೇಳೆ, ಕಾಳು, ಮೊಸರು, ಪನೀರ್. ಈ ಕೊನೆಯ ಕಾಲು ಭಾಗವೇ ಸ್ನಾಯುವಿನ ಆಹಾರ. ವಯಸ್ಸಾದವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1 ಗ್ರಾಮ್‌ಗಿಂತ ಕಡಿಮೆ ಪ್ರೋಟೀನ್ ಸಾಲದು. 60 ಕಿಲೋ ಇದ್ದವರಿಗೆ 60 ಗ್ರಾಮ್. ತಿಳಿಸಾರಿನ ನೀರಿನಲ್ಲಿ ಅದು ಸಿಗುವುದಿಲ್ಲ, ಗಟ್ಟಿ ಬೇಳೆ ಬೇಕು. ಇಲ್ಲಿನ ಅಂಗಡಿಯಲ್ಲಿ ಸಿಗುವ ಕ್ವಾರ್ಕ್ ಗಟ್ಟಿ ಮೊಸರಿನಂತಿರುತ್ತದೆ, ಪ್ರೋಟೀನ್ ಹೆಚ್ಚು. ಕೊಬ್ಬು ತೆಗೆದದ್ದನ್ನು ಕೊಳ್ಳಿ. ಕಾರ್ನೆಮೆಲ್ಕ್ ಎಂದರೆ ನಮ್ಮ ಮಜ್ಜಿಗೆಯೇ. ಇಂಗು, ಕೊತ್ತಂಬರಿ ಹಾಕಿದರೆ ಸಾಕು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ಬಿಸಿಲು ಕಡಿಮೆಯಾದ್ದರಿಂದ ಇಲ್ಲಿನ ಆರೋಗ್ಯ ಮಂಡಳಿ 70 ದಾಟಿದವರೆಲ್ಲರಿಗೂ ದಿನಕ್ಕೆ 20 ಮೈಕ್ರೋಗ್ರಾಮ್ ವಿಟಮಿನ್ ಡಿ, 50 ದಾಟಿದ ಮಹಿಳೆಯರಿಗೂ ಕಂದು ಚರ್ಮದವರಿಗೂ 10 ಮೈಕ್ರೋಗ್ರಾಮ್ ಸೂಚಿಸುತ್ತದೆ. ಊರಿನ ವೈದ್ಯರು ಕೊಟ್ಟ 60,000 ಯೂನಿಟ್ ಮಾತ್ರೆ ನುಂಗುತ್ತಿರುವವರು ಕೇಳದೆ ಎರಡನ್ನೂ ಸೇರಿಸಬೇಡಿ.

6. ಶುಗರ್ ಮಾತ್ರೆ ನುಂಗುವವರಿಗೆ

ನಡಿಗೆ ಹೆಚ್ಚಾಗಿ ಅನ್ನ ಕಡಿಮೆಯಾದರೆ ಹಳೆಯ ಪ್ರಮಾಣದ ಮಾತ್ರೆ ಜಾಸ್ತಿಯಾಗಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ವಿಶೇಷವಾಗಿ ಎಚ್ಚರವಾಗಿರಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಕೂತುಕೊಂಡು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಳ್ಳಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಜೇಬಿನಲ್ಲಿ ಗ್ಲೂಕೋಸ್ ಇಲ್ಲದೆ ಹೊರಡಬೇಡಿ. ಏಕಾದಶಿ ಉಪವಾಸ ಮಾಡುವವರು ಮಾತ್ರೆಯ ವಿಷಯ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.

ಇಲ್ಲಿನ ಯಂತ್ರಗಳಲ್ಲಿ ಶುಗರ್ ಅಂಕಿ ಬೇರೆ ಥರ ಇರುತ್ತದೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಬರುತ್ತದೆ. ಇಲ್ಲಿನ 7 ಎಂದರೆ ನಮ್ಮ 126. ಇಲ್ಲಿನ 3.9 ಎಂದರೆ ನಮ್ಮ 70, ಅದಕ್ಕಿಂತ ಇಳಿದರೆ ಅಪಾಯ. ‘ಏಳೇ ಇದೆ’ ಎಂದು ಗಾಬರಿಯಾಗಿ ಸಕ್ಕರೆ ತಿನ್ನಬೇಡಿ.

7. ಮುಚ್ಚಿಡಬೇಡಿ

ಜಾರಿ ಬಿದ್ದದ್ದನ್ನು, ತಲೆ ಸುತ್ತಿದ್ದನ್ನು ಎಷ್ಟೋ ಹಿರಿಯರು ಮಕ್ಕಳಿಗೆ ಹೇಳುವುದಿಲ್ಲ. ‘ಅವರಿಗೆ ಆಫೀಸಿನ ಕೆಲಸ, ಇಲ್ಲಿನ ಆಸ್ಪತ್ರೆ ದುಬಾರಿ, ಊರಿಗೆ ಹೋಗಿ ತೋರಿಸಿದರಾಯಿತು’ ಎಂಬ ಸಂಕೋಚ. ದಯವಿಟ್ಟು ಹಾಗೆ ಮಾಡಬೇಡಿ. ವೀಸಾಕ್ಕಾಗಿ ನೀವು ಮಾಡಿಸಿದ ವಿಮೆ ಕನಿಷ್ಠ 30,000 ಯೂರೋದ್ದು. ಅದರಲ್ಲಿ ಹಳೆಯ ಕಾಯಿಲೆಗೆ ಏನು ನಿಯಮವಿದೆ ಎಂದು ಮಕ್ಕಳ ಜೊತೆ ಕೂತು ಇವತ್ತೇ ಓದಿ, ಪ್ರತಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿ. ನಿಮ್ಮ ಮಾತ್ರೆಗಳ ಪಟ್ಟಿಯೂ ಅಲ್ಲೇ ಇರಲಿ.

ಸಣ್ಣ ತೊಂದರೆಗೆ ಇಲ್ಲಿ ನೇರ ಆಸ್ಪತ್ರೆಗೆ ಹೋಗುವುದಿಲ್ಲ. ಮೊದಲು ಹೌಸ್‌ಆರ್ಟ್ಸ್ ಎಂಬ ಕುಟುಂಬ ವೈದ್ಯರಿಗೆ ಫೋನ್ ಮಾಡಬೇಕು. ರಾತ್ರಿ ಮತ್ತು ರಜೆಯ ದಿನಗಳಲ್ಲಿ ಅದಕ್ಕೆ ಬೇರೆ ಕೇಂದ್ರವಿದೆ, ಅಲ್ಲಿಗೂ ಫೋನ್ ಮಾಡಿಯೇ ಹೋಗಬೇಕು. ಆದರೆ ಎದೆ ಹಿಂಡಿದಂತಾದರೆ, ಉಸಿರು ಸಿಗದಿದ್ದರೆ, ಬಾಯಿ ಸೊಟ್ಟಗಾದರೆ, ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಮಗನಿಗಾಗಿ ಕಾಯಬೇಡಿ. ತಕ್ಷಣ 112ಕ್ಕೆ ಕರೆಮಾಡಿ, ಇಂಗ್ಲಿಷಿನಲ್ಲಿ ಮಾತಾಡಬಹುದು. ‘ಆಂಬ್ಯುಲೆನ್ಸ್’ ಎಂದು ಹೇಳಿ ವಿಳಾಸ ಓದಿದರೂ ಸಾಕು.

ಇವತ್ತು ಮಾಡಬೇಕಾದದ್ದು

ಶಿಬಿರದಲ್ಲಿ ಬಿಪಿ, ಶುಗರ್ ಜೊತೆಗೆ ಸೊಂಟದ ಅಳತೆಯನ್ನೂ ತೆಗೆಸಿಕೊಳ್ಳಿ. ಕುರ್ಚಿ ಪರೀಕ್ಷೆ ಮಾಡಿ. ಈ ಹಾಳೆಯ ಹಿಂಬದಿಯಲ್ಲಿ ದಿನಾಂಕ, ಸೊಂಟದ ಅಳತೆ, ಎಷ್ಟು ಸಲ ಎದ್ದಿರಿ ಎಂಬ ಮೂರನ್ನು ಬರೆದಿಡಿ. ವಿಮಾನ ಹತ್ತುವ ಹಿಂದಿನ ವಾರ ಮತ್ತೆ ಅಳೆಯಿರಿ. ಮೊದಲ ಅಂಕಿ ಸ್ವಲ್ಪ ಇಳಿದು, ಎರಡನೆಯದು ಸ್ವಲ್ಪ ಏರಿದ್ದರೆ ನಿಮ್ಮ ಮೂರು ತಿಂಗಳು ಸಾರ್ಥಕ.

ಈಗ ಕೋಸಂಬರಿ ಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲಿ. ಕುರ್ಚಿಯಿಂದ ಏಳುವಾಗ ಕೈ ಊರದೆ ಎದ್ದು ನೋಡಿ.