ದುಬೈಗೆ ಕ್ಯಾಮೆರಾ ಹೊತ್ತು ಹೊರಟವರಿಗೆ

1965ರಲ್ಲಿ ರಮೇಶ್ ಶುಕ್ಲಾ ಎಂಬ ಯುವಕ ಮುಂಬೈಯಿಂದ ಹಡಗು ಹತ್ತಿ, ಒಂದು ರೋಲೈಕಾರ್ಡ್ ಕ್ಯಾಮೆರಾದೊಂದಿಗೆ ಶಾರ್ಜಾದಲ್ಲಿ ಇಳಿದರು. 1971ರ ಡಿಸೆಂಬರ್ 2ರಂದು ಎಮಿರೇಟ್ಸ್ ಒಕ್ಕೂಟ ಹುಟ್ಟಿದಾಗ ಅದರ ಆಡಳಿತಗಾರರ ಪ್ರಸಿದ್ಧ ಚಿತ್ರ ತೆಗೆದವರು ಅವರೇ. ಇವತ್ತು ಮಂಗಳೂರು, ಉಡುಪಿಯ ಸ್ಟುಡಿಯೊಗಳಲ್ಲಿ ಕೈ ಪಳಗಿಸಿಕೊಂಡವರು ಅಲ್ಲಿನ ಫ್ಯಾಷನ್, ಜಾಹೀರಾತು ಛಾಯಾಗ್ರಹಣದತ್ತ ನೋಡುತ್ತಿದ್ದಾರೆ. ಹೊರಡುವ ಮುನ್ನ ಕೆಲವು ಮಾತು.

1. ವಿಸಿಟ್ ವೀಸಾದಲ್ಲಿ ಕೆಲಸ ಒಪ್ಪಿಕೊಳ್ಳಬೇಡಿ. "ಒಂದೇ ದಿನದ ಶೂಟ್, ಯಾರಿಗೆ ಗೊತ್ತಾಗುತ್ತೆ" ಎನ್ನುವವರು ಸಿಕ್ಕೇ ಸಿಗುತ್ತಾರೆ. ನೌಕರಿ ವೀಸಾ ಅಥವಾ ಫ್ರೀಲಾನ್ಸ್ ಪರವಾನಗಿ ಕೈಗೆ ಬರಲಿ.

2. ಮೊದಲ ವರ್ಷ ಅಸಿಸ್ಟೆಂಟ್ ಆಗಿ. ದುಬೈನ ಅಲ್ ಕೂಝ್‌ನ ಹಳೆಯ ಗೋದಾಮುಗಳಲ್ಲಿ ಸ್ಟುಡಿಯೊಗಳಿವೆ. ಅಲ್ಲೇ ಅಲ್ಸರ್ಕಲ್ ಅವೆನ್ಯೂನಲ್ಲಿ ಗಲ್ಫ್ ಫೋಟೊ ಪ್ಲಸ್ ಎಂಬ ಛಾಯಾಗ್ರಹಣ ಕೇಂದ್ರವಿದೆ. ಅದರ ಕಾರ್ಯಾಗಾರ, ಪ್ರದರ್ಶನಗಳಿಗೆ ಹೋದರೆ ನಾಲ್ಕು ಜನರ ಪರಿಚಯವಾಗುತ್ತದೆ.

3. ಅಲ್ಲಿನ ಹೆಂಗಸರ ಮೇಲುಡುಪು ಅಬಾಯದ ಚಿತ್ರ ತೆಗೆಯುವುದನ್ನು ಕಲಿಯಿರಿ. ಕಪ್ಪು ಬಟ್ಟೆ, ಕಪ್ಪು ಕಸೂತಿ. ಕ್ಯಾಮೆರಾದ ಮೀಟರ್ ನಂಬಿದರೆ ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಶರ್ ತಗ್ಗಿಸಿದರೆ ನೆರಿಗೆಯೇ ಮಾಯ. ಲೈಟನ್ನು ಪಕ್ಕದಿಂದ, ಬಟ್ಟೆಯ ಮೈ ಸವರಿ ಹೋಗುವಂತೆ ಇಡಿ. ಆಗ ಒಂದೊಂದು ಮಣಿಯೂ ಎದ್ದು ಕಾಣುತ್ತದೆ. ಸ್ಟೀಮರ್, ಸೇಫ್ಟಿ ಪಿನ್, ಲಿಂಟ್ ರೋಲರ್ ಬ್ಯಾಗಿನಲ್ಲಿರಲಿ. ಕಪ್ಪಿನ ಮೇಲೆ ಕೂತ ಒಂದು ಬಿಳಿ ನೂಲೆಳೆಯನ್ನು ಕಂಪ್ಯೂಟರಿನಲ್ಲಿ ಅಳಿಸುತ್ತ ರಾತ್ರಿ ಕಳೆದವರನ್ನು ಕೇಳಿ ನೋಡಿ! ಈ ಕೆಲಸ ಬಲ್ಲವರಿಗೆ ಆನ್‌ಲೈನ್ ಅಂಗಡಿಗಳ ಶೂಟ್‌ಗಳಲ್ಲಿ ಹೊಟ್ಟೆಪಾಡಿಗೆ ಕೊರತೆಯಿಲ್ಲ.

4. ಆಗಸ್ಟ್‌ನಲ್ಲಿ ಎ.ಸಿ. ಕಾರಿನಿಂದ ಕ್ಯಾಮೆರಾ ಹೊರತೆಗೆದ ಕೂಡಲೇ ಲೆನ್ಸ್ ಮಬ್ಬಾಗುತ್ತದೆ. ಒರೆಸಿದಷ್ಟೂ ಮತ್ತೆ ಮಬ್ಬು. ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಅಬುಧಾಬಿಯ ಲಿವಾ ಮರಳುದಿಬ್ಬಗಳಲ್ಲಿ ಲೆನ್ಸ್ ಬದಲಿಸುವುದು ಕಾರಿನೊಳಗೆ, ಕಿಟಕಿ ಮುಚ್ಚಿಯೇ.

5. ಬೀದಿಯಲ್ಲಿ ಜಾಹೀರಾತು ಶೂಟ್ ಎಂದರೆ ಪರ್ಮಿಟ್ ಬೇಕು. ದುಬೈಗೂ ಅಬುಧಾಬಿಗೂ ಬೇರೆ ಬೇರೆ ಫಿಲ್ಮ್ ಕಮಿಷನ್‌ಗಳಿವೆ. ಒಂದರದ್ದು ಇನ್ನೊಂದರಲ್ಲಿ ನಡೆಯದು. ಡ್ರೋನ್‌ಗೆ ಪ್ರತ್ಯೇಕ ಅನುಮತಿ. ಅಪರಿಚಿತರು, ಅದರಲ್ಲೂ ಹೆಂಗಸರು ಮಕ್ಕಳು, ಫ್ರೇಮಿನೊಳಗೆ ಬಾರದಂತೆ ನೋಡಿಕೊಳ್ಳಿ. 2021ರ ಸೈಬರ್ ಕಾನೂನಿನಲ್ಲಿ ಖಾಸಗಿತನದ ಉಲ್ಲಂಘನೆಗೆ ದಂಡ ಶುರುವಾಗುವುದೇ 1,50,000 ದಿರ್ಹಂನಿಂದ, ಜೈಲೂ ಆಗಬಹುದು.

6. ಅರ್ಧ ಹಣ ಮುಂಗಡ. ಚಿತ್ರ ಎಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ ಎಂಬುದು ಬರವಣಿಗೆಯಲ್ಲಿರಲಿ. ಇನ್‌ಸ್ಟಾಗ್ರಾಮ್‌ಗೆಂದು ಕೊಟ್ಟ ನನ್ನದೊಂದು ಚಿತ್ರ ಆರು ತಿಂಗಳ ನಂತರ ಹೆದ್ದಾರಿಯ ಹೋರ್ಡಿಂಗ್ ಮೇಲೆ ಕಂಡಿತು. ಕೇಳೋಣವೆಂದರೆ ಕೈಯಲ್ಲಿ ಒಂದು ಸಾಲಿನ ಕರಾರೂ ಇರಲಿಲ್ಲ. ವರ್ಷದ ವಹಿವಾಟು 3,75,000 ದಿರ್ಹಂ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ, ದರ ಶೇ. 5.

7. ರಂಜಾನ್ ಅಲ್ಲಿ ಫ್ಯಾಷನ್‌ನ ದೊಡ್ಡ ಸೀಸನ್. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಶೂಟ್‌ಗಳು ತಿಂಗಳುಗಳ ಮೊದಲೇ ಮುಗಿದಿರುತ್ತವೆ. ಕ್ಯಾಲೆಂಡರ್ ತೆಗೆದು ನಾಲ್ಕು ತಿಂಗಳು ಹಿಂದಕ್ಕೆ ಎಣಿಸಿ, ಆ ವಾರವೇ ಪೋರ್ಟ್‌ಫೋಲಿಯೊ ಹಿಡಿದು ವಿನ್ಯಾಸಕರ ಬಾಗಿಲು ತಟ್ಟಿ.